ಸಂತ್ರಾ ಸಿಪ್ಪೆಯ ಥಂಡ ಖೋಲಿ

ಬೆಳ್ಳಿಚುಕ್ಕೆ ಇನ್ನೂ ಮೇಲಿರುವಾಗಲೇ ಶಾಲುಬಾಯಿ ಒಲೆಯ ಬೂದಿ ಬಾಚಬೇಕಿತ್ತು. ಅದನ್ನು ಸೋಸಿ, ಪಾತ್ರೆ ತಿಕ್ಕಲೆಂದು ಕುಡಿಕೆಯಲ್ಲಿ ಎತ್ತಿಡಬೇಕಿತ್ತು. ಎಮ್ಮೆಯ ಕಾಲಡಿಯ ಸಗಣಿ ಬಳಿದು, ಗೋಡೆಗೆ ಕುಳ್ಳು ತಟ್ಟಿ, ಹಾಲು ಕರೆದು, ಬಾವಿಯಿಂದ ನೀರು ಹೊರಬೇಕಿತ್ತು. ಎಷ್ಟು ಸಲ ಎಂದರೆ ಹಂಡೆ ತುಂಬುವವರೆಗೆ. ಹಂಡೆ ತುಂಬಿತು ಎಂದು ಅವಳಿಗೆ ಅನ್ನಿಸುವ ಹೊತ್ತಿಗೆ ಯಾರಾದರೊಬ್ಬರು ಎದ್ದು ಬಂದು ಎರಡು ತಂಬಿಗೆ ಮೊಗೆದುಕೊಂಡಿರುತ್ತಿದ್ದರು. ಜೋಳ ಬೀಸಬೇಕಿತ್ತು, ರೊಟ್ಟಿ ತಟ್ಟಬೇಕಿತ್ತು, ಭಾಲ್ಕಿ ಸ್ಟೇಷನ್ನಿನ ಮಾಲುಗೋದಾಮಿನಲ್ಲಿ ಕೆಲಸಕ್ಕಿದ್ದ ಗಂಡ ಪಂಢರಿಯ ಬುತ್ತಿ ಕಟ್ಟಬೇಕಿತ್ತು, ಅತ್ತೆ ಕೇಶರಬಾಯಿಯ ಸ್ನಾನಕ್ಕೆ ನೀರು ಕಾಯಿಸಬೇಕಿತ್ತು.

ಇಷ್ಟನ್ನು ಭಾಲ್ಕಿಯ ಯಾವ ಸೊಸೆಯಾದರೂ ಮಾಡುತ್ತಿದ್ದಳು. ಅದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ಕೆಲಸ ಶುರುವಾಗುತ್ತಿದ್ದುದು ಇದಾದ ಮೇಲೆ. ಮೊಣಕೈವರೆಗೆ ಬೂದಿ ಹಚ್ಚಿ ತೊಳೆದು, ಬೆರಳ ಸಂದಿಯಲ್ಲೂ ಪಸೆ ಉಳಿಯದಂತೆ ಒರೆಸಿ, ಕೂದಲನ್ನು ಬಟ್ಟೆಯಲ್ಲಿ ಬಿಗಿದು, ಅವಳು ಥಂಡ ಖೋಲಿಯ, ಅಂದರೆ ಮನೆಯ ತಂಪುಕೋಣೆಯ, ಬಾಗಿಲು ತೆರೆಯುತ್ತಿದ್ದಳು. ಒಳಗೆ ಬಿದಿರಿನ ತಟ್ಟಿಗಳ ಮೇಲೆ, ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಹರವಿದ ಸಂತ್ರಾ, ಅಂದರೆ ಕಿತ್ತಳೆ ಹಣ್ಣಿನ ಸಿಪ್ಪೆ. ದೀಪ ಒಯ್ಯುವಂತಿರಲಿಲ್ಲ, ಎಣ್ಣೆಯ ಹೊಗೆ ಸಿಪ್ಪೆಗೆ ಹತ್ತುತ್ತದೆ. ಕತ್ತಲೆಯಲ್ಲಿ ಬೆರಳಿನಿಂದ ತಡವಿ ಒಂದೊಂದನ್ನೂ ಮಗ್ಗುಲು ಹೊರಳಿಸಬೇಕಿತ್ತು. ಮೆತ್ತಗಿದ್ದದ್ದು ಗಾಳಿಯ ಕಡೆ, ಬಿರುಸಾದದ್ದು ಗೋಡೆಯ ಕಡೆ. ಸೂರ್ಯ ಹುಟ್ಟುವುದರೊಳಗೆ ಪೂರ್ವದ ಕಿಟಕಿ ಮುಚ್ಚಿ ಪಡುವಣದ್ದು ತೆರೆದಿರಬೇಕಿತ್ತು. ಒಂದು ಅಂಗೈಯಗಲ ಬಿಸಿಲು ತಟ್ಟಿಯ ಮೇಲೆ ಬಿದ್ದರೆ ಆ ದಿನ ಶಾಲುಬಾಯಿಗೆ ರೊಟ್ಟಿ ಇರುತ್ತಿರಲಿಲ್ಲ.

ಆ ಮನೆಯ ಅನ್ನ ಸಿಪ್ಪೆಯದಾಗಿತ್ತು. ಕೇಶರಬಾಯಿಯ ಮನೆಯ ಉಟಣಿ ಎಂದರೆ ಭಾಲ್ಕಿಯಿಂದ ಬೀದರದವರೆಗೆ ಹೆಸರು. ದೀಪಾವಳಿಯ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡ ಮೈಗೆ ತಿಕ್ಕುವ ಸುವಾಸನೆಯ ಪುಡಿ ಅದು. ಅದರಲ್ಲೇ ಇನ್ನೆರಡು ಸಾಮಾನು ಕೂಡಿಸಿದರೆ ಬೀದರದ ಮುಸಲ್ಮಾನರ ಮದುಮಗಳಿಗೆ ಹಚ್ಚುವ ಚಿಕ್ಸಾ ಆಗುತ್ತಿತ್ತು. ಲಾವಂಚ, ಕಚೋರ, ಗುಲಾಬಿ ಎಸಳು ಎಲ್ಲರೂ ಹಾಕುತ್ತಿದ್ದರು. ಕೇಶರಬಾಯಿಯ ಪುಡಿಯನ್ನು ಬೇರೆ ಮಾಡುತ್ತಿದ್ದದ್ದು ಸಂತ್ರಾ ಸಿಪ್ಪೆ. ಮಾಘ ಕಳೆಯುತ್ತಲೂ ನಾಗಪುರದ ಹಣ್ಣು ರೈಲಿನಲ್ಲಿ ಬರುತ್ತಿತ್ತು. ಹಣ್ಣು ಸಾಹುಕಾರರು, ಸಾಹೇಬರು ತಿನ್ನುತ್ತಿದ್ದರು. ಎಸೆದ ಸಿಪ್ಪೆಯನ್ನು ಶಾಲುಬಾಯಿ ಬುಟ್ಟಿ ಹೊತ್ತು ಮನೆಮನೆಯ ಹಿತ್ತಿಲಿನಿಂದ, ಹಣ್ಣಿನಂಗಡಿಗಳಿಂದ ಆರಿಸಿ ತರುತ್ತಿದ್ದಳು. ಗೋದಾಮಿನಲ್ಲಿ ಒಡೆದ ಬುಟ್ಟಿಯ ಹಣ್ಣು ಪಂಢರಿ ಒಮ್ಮೊಮ್ಮೆ ತರುತ್ತಿದ್ದ. ಅದರ ತೊಳೆ ಅವನಿಗೆ, ಅವನ ತಮ್ಮ ಗೋರಖನಾಥನಿಗೆ, ಕೇಶರಬಾಯಿಗೆ. ಸಿಪ್ಪೆ ಶಾಲುಬಾಯಿಗೆ.

ಒಳಮೈಯ ಬಿಳಿ ನಾರನ್ನು ಉಗುರಿನಿಂದ ಕೆರೆಯುವುದನ್ನು, ಕೆರೆಯುವಾಗ ಮೇಲ್ಮೈಯ ಸಣ್ಣ ಗುಳ್ಳೆಗಳು ಒಡೆಯದಂತೆ ಹಿಡಿಯುವುದನ್ನು ಕಲಿಸಿದವಳು ಕೇಶರಬಾಯಿಯೇ.

"ವಾಸನಿ, ಕಹಿ, ಮೈಗಿ ಒಳ್ಳೇದು ಮಾಡೂದು, ಎಲ್ಲಾ ಈ ಗುಳ್ಳ್ಯಾಗ ಅದ," ಎಂದು ಅವಳು, ಶಾಲುಬಾಯಿ ಮದುವೆಯಾಗಿ ಬಂದ ಹೊಸದರಲ್ಲಿ, ಹೇಳಿದ್ದಳು. "ಬಿಸಿಲಿಗಿ ಹಾಕಿದ್ರ ಒಂದೇ ದಿನಕ್ಕ ಒಣಗ್ತದ, ನೋಡಾಕ ಚಂದ ಇರ್ತದ, ಒಳಗ ಹೆಣ. ಹಸಿ ಉಳದ್ರ ಬೂಸು ಹಿಡೀತದ. ಸಿಪ್ಪಿ ನೆರಳಾಗ, ಗಾಳಿಗಿ, ಸಾವಕಾಶ ಒಣಗಬೇಕು. ಜೀವ ಇದ್ದಂಗ ಒಣಗಬೇಕು, ತಿಳೀತಿಲ್ಲೋ?"

ತಿಳಿದಿತ್ತು. ಔರಾದ ತಾಲೂಕಿನ ಸಂತಪುರದಿಂದ ಬಂದ ಆ ಹುಡುಗಿಗೆ ತಾಯಿ ಇರಲಿಲ್ಲ. ಹೊಲದಲ್ಲಿ ಬೆಳೆದ ಅವಳಿಗೆ ಯಾರಾದರೂ ಕೂರಿಸಿಕೊಂಡು ಏನಾದರೂ ಕಲಿಸಿದ್ದು ಅದೇ ಮೊದಲು. ಅತ್ತೆಯ ಮೇಲೆ ಪ್ರೀತಿಯೇ ಹುಟ್ಟಿತ್ತು ಎಂದರೆ ಸುಳ್ಳಲ್ಲ.

ಮನೆ ದೊಡ್ಡದಲ್ಲ. ಬೀದಿಗೆ ತೆರೆದ ಪಡಸಾಲೆಯಲ್ಲಿ ಗಂಡಸರು ಕೂರುತ್ತಿದ್ದರು, ಬೀಡಿ ಸೇದುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ದೇವರ ಗೂಡು. ಅದರ ಹಿಂದೆ ದಪ್ಪ ಕೆಂಪುಕಲ್ಲಿನ ಗೋಡೆಯ, ಎದುರುಬದುರು ಕಿಟಕಿಯ, ಹೊರಗೆ ಬೆಂಕಿ ಸುರಿದರೂ ಒಳಗೆ ಬಾವಿಕಟ್ಟೆಯಂತೆ ತಂಪಾಗಿರುವ ಥಂಡ ಖೋಲಿ. ಹಿತ್ತಿಲಲ್ಲಿ ಎಮ್ಮೆಯ ಕೊಟ್ಟಿಗೆ. ಅದರ ಮಾಡು, ಮೂರು ಕಡೆಯ ಗೋಡೆ ಎಲ್ಲ ತಗಡು. ಬೇಸಿಗೆಯಲ್ಲಿ ಎಮ್ಮೆಯನ್ನು ಹೊರಗೆ ಬೇವಿನ ಮರದ ಕೆಳಗೆ ಕಟ್ಟುತ್ತಿದ್ದರು. ತಗಡಿನ ಝಳಕ್ಕೆ ಅದು ಹಾಲು ಬತ್ತಿಸಿಕೊಳ್ಳುತ್ತಿತ್ತು.

ಹೀಗೆ ಬೇಸಿಗೆಯಲ್ಲಿ ಖಾಲಿ ಬೀಳುವ ಆ ಕೊಟ್ಟಿಗೆ ಬಾಣಂತಿಗೆ ಅನುಕೂಲ ಎಂದು ಕೇಶರಬಾಯಿ ಲೆಕ್ಕ ಹಾಕಿದ್ದಳು.

ಶಾಲುಬಾಯಿಯ ಮೊದಲ ಹೆರಿಗೆ ಒಂದು ಚೈತ್ರದಲ್ಲಿ ಬಂತು, ಸಿಪ್ಪೆಯ ಸುಗ್ಗಿಯಲ್ಲಿ. ಅಣ್ಣ ಮಚ್ಛೇಂದ್ರ ಸಂತಪುರದಿಂದ ಗಾಡಿ ಕಟ್ಟಿಕೊಂಡು ಕರೆಯಲು ಬಂದ. ಪಡಸಾಲೆಯಲ್ಲಿ ಕೂತು, ಕೊಟ್ಟ ನೀರು ಕುಡಿದು, ವಿನಯದಿಂದಲೇ ಮಾತು ತೆಗೆದ.

"ಚೊಚ್ಚಲ ಹೆರಿಗಿ ತವರಿನಾಗ ಆಗೂದು ರಿವಾಜ ಅದ ನೋಡ್ರಿ, ಕಾಕೂ. ಅವ್ವ ಇಲ್ಲಂದ್ರೂ ನನ್ನ ಹೆಂಡ್ತಿ ಅದಾಳ, ನೋಡ್ಕೋತಾಳ."

"ಬ್ಯಾಡ ಅಂದೀನೇನಪಾ," ಎಂದಳು ಕೇಶರಬಾಯಿ. "ಹಡಿಯೂದು ಎಲ್ಲಿದ್ರೂ ಹಡೀತಾಳ. ಆದ್ರ ಸಿಪ್ಪಿ ಹೊಳ್ಳಿ ಹಾಕೂರು ಯಾರು? ಒಂದ್ ಕೆಲಸ ಮಾಡು. ಇವಳ್ನ ಕರ್ಕೊಂಡ್ ಹೋಗು, ನಿನ್ನ ಹೆಂಡ್ತೀನ ಇಲ್ಲಿ ಬಿಟ್ ಹೋಗು."

ಮಚ್ಛೇಂದ್ರ ತಮಾಷೆಯೆಂದು ನಕ್ಕ. ಕೇಶರಬಾಯಿ ನಗಲಿಲ್ಲ. ಅವನು ಎತ್ತಿಗೆ ನೀರು ಕುಡಿಸಿ, ಬರಿ ಗಾಡಿ ಹೊಡೆದುಕೊಂಡು ಹೋದ.

ನೋವು ಶುರುವಾದ ಬೆಳಗ್ಗೆ ಶಾಲುಬಾಯಿ ಕೇಳಿದ್ದು ಒಂದೇ. "ಅತ್ತಿ, ಥಂಡ ಖೋಲ್ಯಾಗ ಒಂದ್ ಮೂಲ್ಯಾಗ ಹಡೀಲೇನ್ರಿ?"

"ಹುಚ್ಚಿ ಅದೀ ಏನು? ಸಿಪ್ಪಿ ಸುತ್ತಲಿಂದೆಲ್ಲಾ ಕುಡೀತದ. ರಕ್ತದ ವಾಸನಿ, ಹಾಲಿನ ವಾಸನಿ, ಕೂಸಿನ ಉಚ್ಚಿ ವಾಸನಿ. ಹಬ್ಬದ ದಿನ ದೊಡ್ಡ ಮನಿ ಹೆಣ್ಮಕ್ಕಳು ಮೈಗಿ ಹಚ್ಕೊಂಡು ಬಾಣಂತಿ ನಾತ ಬರ್ಲತ್ತದ ಅನಬೇಕೇನು?"

ಹೆಣ್ಣು ಕೂಸು ತಗಡಿನ ಕೆಳಗೆ ಹುಟ್ಟಿತು. ಹಿತ್ತಿಲಗೋಡೆಯಾಚೆಯ ಸೂಲಗಿತ್ತಿ ಅಕ್ತರಬೀ ಹೊಕ್ಕುಳು ಕತ್ತರಿಸಿದಳು. ಬೆಳಗಿನ ಹೊತ್ತು ಹೇಗೋ ಕಳೆಯುತ್ತಿತ್ತು. ಮಧ್ಯಾಹ್ನ ತಗಡು ಕಾದು ಕಟಕಟ ಸದ್ದು ಮಾಡುತ್ತಿತ್ತು. ಮಡಕೆಯಲ್ಲಿಟ್ಟ ನೀರು ಕೈ ಸುಡುತ್ತಿತ್ತು. ಬಾಣಂತಿ ಹೆಚ್ಚು ನೀರು ಕುಡಿಯಬಾರದೆಂಬ ಶಾಸ್ತ್ರ ಬೇರೆ. ಶಾಲುಬಾಯಿಯ ಹಾಲು ಇಳಿಯುತ್ತ ಬಂತು. ಕೂಸು ಮೊದಲು ಜೋರಾಗಿ ಅತ್ತಿತು, ಆಮೇಲೆ ಮೆಲ್ಲಗೆ, ಆಮೇಲೆ ಬಾಯಿ ತೆರೆದರೂ ಸದ್ದು ಬರಲಿಲ್ಲ.

ಅಕ್ತರಬೀ ಅದರ ನೆತ್ತಿ ಮುಟ್ಟಿ ನೋಡಿ ಹಿತ್ತಿಲ ಬಾಗಿಲಿಗೆ ಬಂದಳು. "ಕೇಶರಬಾಯಿ, ಕೂಸಿನ ನೆತ್ತಿ ಕುಳಿ ಬಿದ್ದದ. ತಾಯಿ ಕೂಸು ಇಬ್ಬರನೂ ಒಳಗ ತಗೋ. ಈ ಬಿಸಿಲಾಗ ಒಣಗಿ ಹೋಗ್ತಾರ."

"ನಾನೂ ಅಲ್ಲೇ ಹಡದೀನಿ, ಅಕ್ತರಬೀ. ಬದುಕೂವು ಬದಕ್ತಾವ."

"ಎಷ್ಟು ಬದಕ್ಯಾವ?"

ಆ ಕೊಟ್ಟಿಗೆಯಲ್ಲಿ ಕೇಶರಬಾಯಿ ಹಡೆದವುಗಳಲ್ಲಿ ಪಂಢರಿ ಮತ್ತು ಗೋರಖನಾಥ ಮಾತ್ರ ಉಳಿದಿದ್ದರು, ಇಬ್ಬರೂ ಮಳೆಗಾಲದಲ್ಲಿ ಹುಟ್ಟಿದವರು. ಇದನ್ನು ಅವಳು ಎಂದಾದರೂ ಕೂಡಿಸಿ ನೋಡಿದ್ದಳೋ ಇಲ್ಲವೋ. ಅವತ್ತು ಪಡುವಣ ಗಾಳಿ ಎದ್ದಿತ್ತು. ಅವಳು ಗೋರಖನಾಥನನ್ನು ಕರೆದು ಥಂಡ ಖೋಲಿಯ ಕಿಟಕಿಗೆ ಗೋಣಿತಟ್ಟಿನ ಪರದೆ ಹೊಡೆಸಿದಳು. ಮೊಳೆ ಬಡಿಯುವ ಸದ್ದು ಕೊಟ್ಟಿಗೆಗೆ ಕೇಳುತ್ತಿತ್ತು. ಅತ್ತೆ ಹೇಳುತ್ತಿದ್ದದ್ದೂ ಕೇಳುತ್ತಿತ್ತು.

"ಬಿಗಿ ಹೊಡಿ. ಝಳ ಬಡದ್ರ ಸಿಪ್ಪಿ ಸತ್ವ ಹೋಗ್ತದ."

ಹೆಸರಿಡುವ ದಿನ ಬರುವ ಮೊದಲೇ ಕೂಸು ಹೋಯಿತು. ಹೆಸರಿಲ್ಲದ್ದಕ್ಕೆ ಅಳುವುದೂ ಹೆಚ್ಚು ಹೊತ್ತು ನಡೆಯಲಿಲ್ಲ. ಮೈಲಿಗೆ ಕಳೆದು ತಲೆ ಮೇಲೆ ನೀರು ಬಿದ್ದ ಮರುದಿನ ನಸುಕಿನಲ್ಲಿ ಶಾಲುಬಾಯಿ ಕೈ ಒರೆಸಿಕೊಂಡು ಥಂಡ ಖೋಲಿಗೆ ಹೋದಳು. ಬಾಗಿಲು ತೆರೆದ ಕೂಡಲೇ ತಂಪು ಮುಖಕ್ಕೆ ಬಂತು. ಅದೇ ತಂಪು, ಅವಳಿಗೆ ಹೊಸದಲ್ಲ. ಆದರೆ ಅವತ್ತು ಅವಳ ಎದೆಯ ಗಾಯದಂಥ ಮೊಲೆತೊಟ್ಟುಗಳು ಅದನ್ನು ಗುರುತಿಸಿದವು. ಅವಳು ಹೊಸ್ತಿಲಲ್ಲೇ ನಿಂತಳು. ಒಳಗಿನಿಂದ ಅತ್ತೆಯ ದನಿ ಬಂತು: "ಬಾಗಿಲು ತಗದು ಏನ್ ನೋಡ್ತಿ? ಗಾಳಿ ಹೊರಗ ಹೋಗ್ಲತ್ತದ."

ಆ ಮೇಲೆ ಶಾಲುಬಾಯಿ ಅತ್ತೆಯನ್ನು ನೋಡುವ ರೀತಿ ಬದಲಾಯಿತು. ಕಣ್ಣೆತ್ತಿ ನೋಡಲಿಲ್ಲ, ಎದುರು ಮಾತಾಡಲಿಲ್ಲ. ಗಮನಿಸತೊಡಗಿದಳು, ಅಷ್ಟೆ.

ಮಳೆಗಾಲದಲ್ಲೊಮ್ಮೆ ಜೋಳದ ಕಣಜದ ಹಿಂದೆ ಇಲಿ ಸತ್ತಿತ್ತು. ಪಂಢರಿ ಊಟದ ತಟ್ಟೆ ಬಿಟ್ಟೆದ್ದು ಹೊರಗೆ ಹೋದ; ಪಡಸಾಲೆಗೆ ಬಂದವರು ಮೂಗು ಮುಚ್ಚಿಕೊಂಡು ಮಾತು ಮೊಟಕು ಮಾಡಿದರು. ಕೇಶರಬಾಯಿ ಅದೇ ಕಣಜಕ್ಕೆ ಒರಗಿ ಕೂತು, ಕಣ್ಣು ಮುಚ್ಚಿ, ವಿಠ್ಠಲನ ನಾಮ ಹೇಳುತ್ತ ತಾಳ ತಟ್ಟುತ್ತಿದ್ದಳು. ನಡುನಡುವೆ ಸೊಂಟದ ಡಬ್ಬಿಯಿಂದ ತಪಕೀರು ತೆಗೆದು ಎರಡೂ ಹೊಳ್ಳೆಗೆ ಏರಿಸುತ್ತಿದ್ದಳು. ಚಿಕ್ಕಂದಿನಿಂದ ಏರಿಸಿದ ಆ ನಶ್ಯಪುಡಿ ಅವಳ ಮೂಗನ್ನು ತಿಂದುಬಿಟ್ಟಿತ್ತು. ಬೀದರದವರೆಗೆ ವಾಸನೆಗೆ ಹೆಸರಾದ ಕೇಶರಬಾಯಿಗೆ ವಾಸನೆ ಬರುತ್ತಿರಲಿಲ್ಲ.

ಶಾಲುಬಾಯಿ ಇಲಿಯನ್ನು ಕೋಲಿನಿಂದ ಎಳೆದು ಎಸೆದು ಬಂದಳು. ಆಮೇಲೆ ಹಿಂದಿನದೆಲ್ಲ ಒಂದೊಂದಾಗಿ ಅರ್ಥವಾಯಿತು. ಅತ್ತೆ ಸಿಪ್ಪೆಯನ್ನು ಮೂಗಿಗೆ ಹಿಡಿದಂತೆ ಮಾಡುತ್ತಿದ್ದಳು, ಆದರೆ ಮುರಿಯುತ್ತಿದ್ದದ್ದು ಕಿವಿಯ ಹತ್ತಿರ. ಕಡಕ್ಕೆಂದು ಮುರಿದರೆ, "ಆಗ್ಯಾದ ನೋಡು," ಎನ್ನುತ್ತಿದ್ದಳು. ಮುರಿಯದಿದ್ದರೆ, "ಇನ್ನೂ ಬೇಕು." ಮೂಗು ಹೋದ ಮೇಲೆ ಅವಳು ಕಿವಿಯಿಂದ ಹೆಸರು ಉಳಿಸಿಕೊಂಡಿದ್ದಳು. ನಿಜವಾಗಿ ಉಳಿಸಿದ್ದು ಶಾಲುಬಾಯಿಯ ಮೂಗು, ಶಾಲುಬಾಯಿಯ ನಸುಕು. ಬಿಸಿಲಿಗೆ ಒಣಗಿದ ಸಿಪ್ಪೆ ನೆರಳಿನದ್ದಕ್ಕಿಂತ ಚೆನ್ನಾಗಿಯೇ ಕಡಕ್ಕೆನ್ನುತ್ತದೆ ಎಂಬುದು ಸೊಸೆಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಬಡವರ ಮನೆಯಲ್ಲಿ ಬಂಗಾರ ಸಿಕ್ಕರೆ ನೆಲದಲ್ಲಿ ಹುಗಿದಿಡುವಂತೆ ಹುಗಿದಿಟ್ಟಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ್ದು ಮರುವರ್ಷದ ದೀಪಾವಳಿಯ ಹೊತ್ತಿನಲ್ಲಿ. ಹಬ್ಬಕ್ಕೆ ಮುಂಚೆ ಕೇಶರಬಾಯಿ ಉಟಣಿಯ ಡಬ್ಬಗಳನ್ನು ಸೊಸೆಯ ತಲೆಗೇರಿಸಿ ರೈಲಿನಲ್ಲಿ ಬೀದರಕ್ಕೆ ಕರೆತಂದಳು. ಚೌಬಾರಾ ಗೋಪುರದ ಹತ್ತಿರ ಗೋರಖನಾಥ ಇಟ್ಟಿದ್ದ ಸಣ್ಣ ಅಂಗಡಿಯಲ್ಲಿ ಮಾರಾಟ. ಬೀದಿಯಲ್ಲಿ ಬಣ್ಣದ ಕಾಗದದ ತೋರಣ ಕಟ್ಟುತ್ತಿದ್ದರು. ಹೈದರಾಬಾದಿನ ಕಡೆಗೇ ಮುಖ ಮಾಡಿ ಹುಟ್ಟಿ ಬೆಳೆದ ಊರು ಈಗ ಇನ್ನೊಂದು ದಿಕ್ಕಿಗೆ ತಿರುಗಬೇಕಿತ್ತು. ಕೆಲವರು ಖುಷಿಯಲ್ಲಿದ್ದರು, ಕೆಲವರು ಸುಮ್ಮನಿದ್ದರು.

"ವೈನಿ, ಇನ್ ಮ್ಯಾಲಿಂದ ನಾವು ಮೈಸೂರಿನವ್ರು," ಎಂದ ಗೋರಖನಾಥ, ಡಬ್ಬ ಇಳಿಸಿಕೊಳ್ಳುತ್ತ.

"ನಮ್ಮ ಬಾವಿ ಇಲ್ಲೇ ಇರ್ತದೋ, ಅದೂ ಮೈಸೂರಿಗಿ ಹೋಗ್ತದೋ?" ಎಂದಳು ಶಾಲುಬಾಯಿ.

"ಯಾಕ?"

"ಹೋಗ್ತದಂದ್ರ ಚಲೋ ಆತು. ಹೊರೂದು ತಪ್ತದ."

ಗೋರಖನಾಥ ನಕ್ಕ. ಕೇಶರಬಾಯಿ, "ಬಾಯಿ ಬಂದದ ಇವಳಿಗಿ," ಎಂದಳು.

ಮದುವೆಮನೆಗಳಿಗೆ ಚಿಕ್ಸಾ ಒಯ್ಯುವ ಖುರ್ಷಿದ ಬೇಗಂ ಬಂದದ್ದು ಆಗಲೇ. ಬೀದರದ ಯಾವ ಮದುಮಗಳ ಮೈಗೆ ಏನು ಹತ್ತಬೇಕು ಎಂಬುದು ಆ ಹೆಂಗಸಿನ ಮಾತಿನ ಮೇಲೆ ನಿಂತಿತ್ತು. ಅವಳು ಕೊಂಡಲ್ಲಿಯೇ ಊರು ಕೊಳ್ಳುತ್ತಿತ್ತು. ಬುರ್ಖಾದ ಪರದೆ ಸರಿಸಿ, ಚಿಟಿಕೆ ಪುಡಿ ಅಂಗೈಯಲ್ಲಿ ಉಜ್ಜಿ, ಮೂಗಿನ ಹತ್ತಿರ ತಂದಳು. ಕಣ್ಣು ಅರೆಮುಚ್ಚಿದವು.

"ಜೀವ ಅದ ಇದರಾಗ," ಎಂದಳು. "ಕೇಶರಬಾಯಿ, ಬಿಸಿಲಿಗಿ ಹಾಕಿದ್ದು ಇದ್ರ ಡಬ್ಬಿ ತಗದ ಕೂಡ್ಲೇ ಹೇಳ್ತೇನಿ. ಹೋದ ವರ್ಷ ಒಬ್ಬಾಕಿ ಹಂಗ ತಂದಿದ್ಲು. ಬೀದರದಾಗ ಈಗ ಅವಳ ಹೆಸರು ಯಾರೂ ಎತ್ತೂದಿಲ್ಲ. ನಾ ಎತ್ತಗೊಡೂದಿಲ್ಲ."

ಆಮೇಲೆ ಅವಳು ಅನಿರೀಕ್ಷಿತವಾಗಿ ಶಾಲುಬಾಯಿಯ ಕೈ ಹಿಡಿದು ಬೆರಳುಗಳನ್ನು ಮೂಸಿದಳು. ಉಗುರಿನ ಸುತ್ತ ಚರ್ಮ ಸುಲಿದು, ಸಿಪ್ಪೆಯ ಹುಳಿಗೆ ಬಿರಿದ ಬೆರಳುಗಳು. "ಈ ಕೈದಾಗಿಂದೇ ಬರ್ಲತ್ತದ ನೋಡು."

"ಕೈ ಅವಳ್ದು ಬೇಗಂ ಸಾಹೇಬ್ರೇ, ಬುದ್ಧಿ ನಂದು," ಎಂದಳು ಕೇಶರಬಾಯಿ.

"ಹೌದಲ್ಲ, ಬುದ್ಧಿಗಿ ಗಾಯ ಆಗೂದಿಲ್ಲ," ಎಂದು ಖುರ್ಷಿದ ಬೇಗಂ ತನ್ನ ಡಬ್ಬ ತುಂಬಿಸಿಕೊಂಡು ಹೋದಳು.

ಹಬ್ಬ ಮುಗಿದ ಮೇಲೆ ಮೈಸೂರು ಕಡೆಯ ಅಧಿಕಾರಿಗಳು ಬೀದರಕ್ಕೆ ವರ್ಗವಾಗಿ ಬಂದರು. ಅವರ ಹೆಂಡಂದಿರಿಗೆ ಸೀಗೆಕಾಯಿ, ಕಡಲೆಹಿಟ್ಟು ಗೊತ್ತಿತ್ತು, ಉಟಣಿ ಗೊತ್ತಿರಲಿಲ್ಲ. ಒಬ್ಬರು ಒಯ್ದದ್ದನ್ನು ಇನ್ನೊಬ್ಬರು ಕೇಳಿದರು. ಗೋರಖನಾಥ ಭಾಲ್ಕಿಗೆ ಓಡಿಬಂದು, ಬರುವ ವರ್ಷ ಇದರ ಎರಡರಷ್ಟು ಬೇಕು ಎಂದ. ಥಂಡ ಖೋಲಿಯಲ್ಲಿ ತಟ್ಟಿಗಳಿಗೆ ಅಟ್ಟಣಿಗೆ ಕಟ್ಟಿದರು, ಒಂದರ ಮೇಲೊಂದು, ಮಾಳಿಗೆಯ ತೊಲೆಯವರೆಗೆ. ನಡುವೆ ಒಬ್ಬಳು ಅಡ್ಡಡ್ಡವಾಗಿ ನಡೆಯುವಷ್ಟು ಜಾಗ ಉಳಿಯಿತು.

ಆ ಅಡ್ಡ ಜಾಗದಲ್ಲಿ ಹೊಟ್ಟೆ ತಗುಲತೊಡಗಿದ್ದನ್ನು ಕೇಶರಬಾಯಿ ಶಾಲುಬಾಯಿಗಿಂತ ಮೊದಲೇ ಕಂಡಳು. ಶಾಲುಬಾಯಿ ಬೆರಳು ಮಡಚಿ ತಿಂಗಳು ಹಾಕಿ ನೋಡಿದಳು. ಮತ್ತೆ ಚೈತ್ರ.

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಆ ಕೋಣೆಯಲ್ಲಿ ಒಂದು ಕೌದಿಯಗಲದ ನೆಲ, ಕೂಸು ಗಟ್ಟಿಯಾಗುವವರೆಗೆ. ಮೊದಲು ಅತ್ತೆಯನ್ನು ಕೇಳಿದಳು.

"ಪಂಢರಿನ ಕೇಳು. ಮನಿ ಯಜಮಾನ ಅವ," ಎಂದಳು ಕೇಶರಬಾಯಿ.

ಪಂಢರಿಯನ್ನು ಊಟಕ್ಕೆ ಬಡಿಸುವಾಗ ಕೇಳಿದಳು. "ಕೇಳ್ಲತ್ತೀರೇನ್ರಿ, ಈ ಸರ್ತಿ ನನ್ನ ಥಂಡ ಖೋಲ್ಯಾಗ ಇಡ್ರಿ."

"ಅವ್ವನ್ನ ಕೇಳು."

"ಕೇಳೀನ್ರಿ. ನಿಮ್ಮನ್ನ ಕೇಳಂದ್ರು."

ಅವನು ರೊಟ್ಟಿ ಮುರಿದು ಬಾಯಿಗಿಟ್ಟ. ಅಗಿದ. ನುಂಗಿದ. "ಪಲ್ಯಕ್ಕ ಉಪ್ಪು ಕಡಮಿ ಅದ," ಎಂದ.

ತವರಿಗೆ ಹೋಗುತ್ತೇನೆ ಎಂದರೆ ಕೇಶರಬಾಯಿಯ ಬಾಯಲ್ಲಿ ರಿವಾಜು ಸಿದ್ಧವಾಗಿತ್ತು. "ತವರು ಚೊಚ್ಚಲಿಗಿ. ಎರಡನೇದಕ್ಕ ಅತ್ತಿ ಮನಿ. ನಾಕ್ ಮಂದಿ ಏನಂದಾರು?" ಚೊಚ್ಚಲಲ್ಲಿ ಮುರಿದ ರಿವಾಜು ಎರಡನೆಯದಕ್ಕೆ ಮತ್ತೆ ಗಟ್ಟಿಯಾಗಿ ನಿಂತಿತ್ತು.

ದಿನ ತುಂಬುತ್ತ ಬಂದು ಹೊಟ್ಟೆ ಇಳಿದ ಮೇಲೆ ಕೇಶರಬಾಯಿ ತಾನೇ ಕೊಟ್ಟಿಗೆ ಗುಡಿಸಿದಳು. ಸಗಣಿ ಸಾರಿಸಿ, ಹಳೆಯ ಕೌದಿ ಹಾಸಿ, ಮೂಲೆಯಲ್ಲಿ ಮಡಕೆ ಇಟ್ಟಳು. "ನೋಡು, ಎಲ್ಲಾ ಸವರ್ಸಿ ಇಟ್ಟೀನಿ. ಬ್ಯಾರೆ ಯಾವ ಅತ್ತಿ ಮಾಡ್ತಾಳ?" ಎಂದಳು. ಅವಳ ಮುಖದಲ್ಲಿ ಕಪಟ ಇರಲಿಲ್ಲ. ಅದೇ ಶಾಲುಬಾಯಿಯನ್ನು ಹೆಚ್ಚು ಹೆದರಿಸಿತು. ಎಮ್ಮೆಯನ್ನು ಅಷ್ಟು ಹೊತ್ತಿಗಾಗಲೇ ಬೇವಿನ ಕೆಳಗೆ ಕಟ್ಟಿ ಆಗಿತ್ತು.

ಬೀದರದಲ್ಲಿ ಗೋರಖನಾಥನಿಗೆ ಹೆಣ್ಣು ನೋಡುವ ಮಾತು ಬಂತು. ತಾಯಿ, ಅಣ್ಣ ಇಬ್ಬರೂ ಹೋಗಲೇಬೇಕು. ನಸುಕಿನಲ್ಲೇ ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಶರಬಾಯಿ ತಿರುಗಿ ನೋಡಿದಳು.

"ಹಡಿಯೂದು ಇನ್ನೂ ದೂರ ಅದ. ಏನರೆ ಆದ್ರ ಅಕ್ತರಬೀ ಅದಾಳ. ನಾಳಿ ಸಂಜಿಗಿ ಬರ್ತೇವಿ. ಸಿಪ್ಪಿ ಮ್ಯಾಲ ಕಣ್ಣಿರಲಿ."

ಕಣ್ಣಿಟ್ಟಳು. ತಟ್ಟಿಗಳನ್ನು ಹೊರಳಿಸಿದಳು, ಪೂರ್ವದ ಕಿಟಕಿ ಮುಚ್ಚಿದಳು. ಬಿಸಿಲು ಅಂಗಳಕ್ಕಿಳಿಯುವ ಹೊತ್ತಿಗೆ ಸೊಂಟದಲ್ಲಿ ಅದು ಶುರುವಾಯಿತು. ಸುಳ್ಳುನೋವೋ ಎಂದು ಗೋಡೆ ಹಿಡಿದು ಕಾದಳು. ಸುಳ್ಳಲ್ಲ. ನಿಂತು, ಹೋಗಿ, ಮತ್ತೆ ಗುರುತು ಹಿಡಿದು ಬರುವ ನೋವು.

ಅವಳು ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತಳು. ಝಳ ಮುಖಕ್ಕೆ ಹೊಡೆಯಿತು. ತಗಡಿನ ಗೋಡೆಗೆ ಅಂಗೈ ಇಟ್ಟಳು, ಸುಡುವವರೆಗೆ ಇಟ್ಟುಕೊಂಡಳು. ಮೂಲೆಯಲ್ಲಿ ಹೊಸ ಮಡಕೆ, ಹಾಸಿದ ಕೌದಿ. ಅಕ್ತರಬೀಯನ್ನು ಕೂಗಿದರೆ ಅವಳು ಬರುತ್ತಾಳೆ, ಬೈಯುತ್ತಾಳೆ, ಇಲ್ಲಿಯೇ ಮಲಗಿಸುತ್ತಾಳೆ. ಇನ್ನೊಬ್ಬರ ಮನೆಯ ತಟ್ಟಿ ಮುಟ್ಟುವ ಹಕ್ಕು ಸೂಲಗಿತ್ತಿಗಿಲ್ಲ. ಶಾಲುಬಾಯಿ ಕೂಗಲಿಲ್ಲ. ಕೌದಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಳು.

ಮೊದಲ ತಟ್ಟಿಯನ್ನು ಎತ್ತಿದಳು, ಆಮೇಲೆ ಎರಡನೆಯದನ್ನು. ಒಂದೊಂದನ್ನೇ ಅಂಗಳಕ್ಕೆ ಹೊತ್ತು ತಂದು ನಡುಬಿಸಿಲಿನಲ್ಲಿ ಇಳಿಸಿದಳು. ನೋವು ಬಂದಾಗ ಹೊಸ್ತಿಲಿಗೆ ಮಂಡಿಯೂರಿ ಸೆರಗು ಕಚ್ಚಿದಳು, ಹೋದಾಗ ಎದ್ದಳು. ಅಟ್ಟಣಿಗೆಯ ಮೇಲಿನವನ್ನು ಕೋಲಿನಿಂದ ಜಗ್ಗಿದಳು. ಚೆಲ್ಲಿದ್ದನ್ನು ಬಾಚಿ ತುಂಬಿದಳು. ಅಷ್ಟರಲ್ಲೂ ಅಂಗಳದಲ್ಲಿ ಹರವುವಾಗ ಒಂದರ ಮೈ ಇನ್ನೊಂದಕ್ಕೆ ತಾಗದಂತೆ ಬಿಡಿಸಿಟ್ಟಳು. ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಕಾದ ಗುಳ್ಳೆಗಳಿಂದ ಎಣ್ಣೆ ಹಾರಿ, ಅಂಗಳ ತುಂಬಿ, ಗೋಡೆ ದಾಟಿ, ಗಲ್ಲಿಗೆ ಇಳಿಯಿತು. ಕೋಣೆಯಲ್ಲಿ ಕೂಡಿಟ್ಟುಕೊಂಡಾಗ ಎಂದೂ ಇಷ್ಟು ಗಮಗಮಿಸಿರಲಿಲ್ಲ. ಇರುವಾಗ ಒಳಗೆ ಅಡಗಿದ್ದದ್ದು, ಹೋಗುವಾಗ ಊರಿಗೆಲ್ಲ ಹೇಳಿ ಹೋಗುತ್ತಿತ್ತು. ನಾಳೆ ಬಂದು ಇದು ಗೊತ್ತಾಗದೆ ಉಳಿಯುವವಳು ಆ ಮನೆಯಲ್ಲಿ ಒಬ್ಬಳೇ. ಬಿಸಿಲಿಗೆ ಎಷ್ಟು ಸತ್ವ ಹೋಯಿತೆಂದು ಹೇಳುವ ಮೂಗಿಲ್ಲದ ಅವಳು ಸಿಪ್ಪೆ ಎತ್ತಿ ಕಿವಿಯ ಹತ್ತಿರ ಮುರಿಯುತ್ತಾಳೆ. ಕಡಕ್ಕೆನ್ನುತ್ತದೆ. ಬಾಣಂತಿಯನ್ನು ಬೈದರೂ ಬೈಯಲಿ, ಸಿಪ್ಪೆ ಕೆಟ್ಟಿಲ್ಲ ಎಂದು ಸಮಾಧಾನ ಮಾಡಿಕೊಂಡು ಚೀಲಕ್ಕೆ ತುಂಬಿಸುತ್ತಾಳೆ. ದೀಪಾವಳಿಗೆ ಖುರ್ಷಿದ ಬೇಗಂ ಡಬ್ಬ ತೆಗೆಯುತ್ತಾಳೆ.

ಆಮೇಲೆ ಕೇಶರಬಾಯಿಯ ಹೆಸರು ಇರುವುದಿಲ್ಲ. ಮುದುಕಿಗೆ ಆ ಹೆಸರು ಬಿಟ್ಟರೆ ಜೀವನದಲ್ಲಿ ಬೇರೆ ಏನೂ ಇರಲಿಲ್ಲ ಎಂಬುದು ಶಾಲುಬಾಯಿಗೆ ಗೊತ್ತಿತ್ತು. ಹೆಸರಿನೊಂದಿಗೆ ಅಂಗಡಿ ಹೋಗುತ್ತದೆ, ರೊಟ್ಟಿ ತೆಳ್ಳಗಾಗುತ್ತದೆ, ಆ ರೊಟ್ಟಿಯಲ್ಲಿ ತನ್ನದೂ ಹುಟ್ಟುವ ಕೂಸಿನದೂ ಪಾಲಿದೆ ಎಂಬುದೂ ಗೊತ್ತಿತ್ತು. ಯಾರು ಮಾಡಿದ್ದೆಂದು ಅಂದು ಎಲ್ಲರೂ ತನ್ನ ಕಡೆ ತಿರುಗುತ್ತಾರೆ. ತಿರುಗಲಿ.

ಖಾಲಿಯಾದ ನೆಲವನ್ನು ಅವಳು ಗುಡಿಸಿದಳು. ಕೌದಿ ಬಿಡಿಸಿ ಹಾಸಿದಳು. ಹಂಡೆಯಿಂದ ತಂಬಿಗೆ ತುಂಬಿ ತಂದು ತಲೆದೆಸೆಗೆ ಇಟ್ಟಳು, ಇನ್ನೊಂದು ತಂಬಿಗೆ ಮೊಗೆದು ನಿಂತಲ್ಲೇ ಕುಡಿದಳು. ಪಡುವಣ ಕಿಟಕಿಯ ಗೋಣಿತಟ್ಟಿನ ಪರದೆ ಎಳೆದು ಮುಚ್ಚಿದಳು. ಸಿಪ್ಪೆಗೆಂದು ಹೊಡೆದ ಮೊಳೆಗಳು ಇನ್ನೂ ಗಟ್ಟಿಯಾಗಿದ್ದವು.

ಮೂಲೆಯಲ್ಲಿ ಒಂದು ತಟ್ಟಿ ಉಳಿದಿತ್ತು. ಸುಗ್ಗಿಯ ಮೊದಲ ಸಿಪ್ಪೆ, ಎಲ್ಲಕ್ಕಿಂತ ಚೆನ್ನಾಗಿ ಆದದ್ದು. ಖುರ್ಷಿದ ಬೇಗಂಗೆ ಕೊಡಲು ಅಷ್ಟು ಸಾಕು. ಮೂಲೆಯಲ್ಲಿ ಅದಿದ್ದರೆ ಹಡೆಯುವುದಕ್ಕೆ ಅಡ್ಡಿಯಿಲ್ಲ. ಮೇಲೊಂದು ಬಟ್ಟೆ ಹೊದಿಸಿದರೆ ಆಯಿತು. ಅಷ್ಟು ಉಳಿದರೆ ಹೆಸರೂ ಉಳಿಯುತ್ತದೆ. ಹೆಸರು ಉಳಿದರೆ ಮುಂದಿನ ಚೈತ್ರಕ್ಕೆ ಈ ಕೋಣೆ ಮತ್ತೆ ತೊಲೆಯವರೆಗೆ ತುಂಬುತ್ತದೆ. ಗೋರಖನಾಥನಿಗೆ ನೋಡಲು ಹೋದ ಹುಡುಗಿ, ಯಾರೋ ಏನೋ, ಆಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿರುತ್ತಾಳೆ.

ನೋವು ಬಂತು. ಶಾಲುಬಾಯಿ ಗೋಡೆಗೆ ಹಣೆ ಒತ್ತಿ ನಿಂತಳು. ಗೋಡೆ ತಂಪಾಗಿತ್ತು. ನೋವು ಇಳಿದ ಮೇಲೆ ಬಗ್ಗಿ, ಹೊಟ್ಟೆಯ ಕೆಳಗೆ ತಟ್ಟಿಯನ್ನು ಆನಿಸಿಕೊಂಡು, ಅದನ್ನೂ ಬಿಸಿಲಿಗೆ ಹೊತ್ತು ತಂದಳು.